ಸ್ವೀಡನ್ನಿನ ಪರ ವಾದಿಸಿದವರ ಉಸಿರು

ಮೂಕಂಡಪಲ್ಲಿಯ ಆ ಮನುಷ್ಯರ ಹೆಸರಿನ ಮುಂದೆ ನಾಲ್ಕು ದಿನ ನಾನು ತೊಂಬತ್ತಾರು ಅಂತಲೇ ಬರೆದೆ. ಅವರು ಹೇಳಿದರು, ನಾನು ಬರೆದೆ. ನಾಲ್ಕು ದಿನವೂ ಅದೇ ಅಂಕಿ ಬಂದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ಕ್ಲಾಸಿನಲ್ಲಿ ಇಬ್ಬರ ಉತ್ತರ ಒಂದೇ ಥರ ಇದ್ದರೆ ಸ್ಲೇಟು ಕಿತ್ತುಕೊಂಡು ನೋಡುವ ಅನುಮಾನದ ಪಿಶಾಚಿ ನಾನು. ಆದರೂ ಬರಲಿಲ್ಲ.

ಕೊರೋನಾದ ಎರಡನೇ ಅಲೆ ಜೋರಾಗಿದ್ದ ಸಮಯ. ಹೊಸೂರಿನಿಂದ ತಳಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಾನು ಕನ್ನಡ ಮಾಧ್ಯಮದ ಪ್ರೈಮರಿ ಶಾಲೆಯ ಮೇಷ್ಟ್ರು. ಶಾಲೆ ಮುಚ್ಚಿತ್ತು. ಸೋಂಕು ತಗುಲಿ ಮನೆಯಲ್ಲೇ ಇದ್ದವರಿಗೆ ದಿನಾ ಫೋನ್ ಮಾಡಿ ವಿಚಾರಿಸುವ ಕೆಲಸಕ್ಕೆ ನಮ್ಮಂಥವರನ್ನು ಹಾಕಿದರು. ಹೊಸೂರಿನ ಒಂದು ಮದುವೆ ಮಂಟಪದ ಊಟದ ಹಾಲೇ ನಮ್ಮ ಆಫೀಸು. ಬಾಳೆ ಎಲೆ ಹಾಕುವ ಉದ್ದನೆಯ ಮೇಜುಗಳ ಮೇಲೆ ಫೋನುಗಳನ್ನು ಸಾಲಾಗಿ ಇಟ್ಟಿದ್ದರು. ಬೆಳಿಗ್ಗೆ ಕೃಷ್ಣಗಿರಿಯಿಂದ ತಮಿಳಿನಲ್ಲಿ ಪಟ್ಟಿ ಬರುತ್ತಿತ್ತು. ಅದರಲ್ಲಿ ಕನ್ನಡದ ಮನೆಗಳನ್ನು ಆರಿಸಿ ನನಗೆ ಕೊಡುತ್ತಿದ್ದರು, ತೆಲುಗಿನ ಮನೆಗಳು ನನ್ನ ಪಕ್ಕದಲ್ಲಿ ಕೂರುತ್ತಿದ್ದ ವಿಜ್ಞಾನದ ಟೀಚರಮ್ಮನಿಗೆ.

ಕೇಳಬೇಕಾದ್ದು ಮೂರೇ ಪ್ರಶ್ನೆ. ಜ್ವರ ಇದೆಯಾ, ಉಸಿರಾಡಲು ಕಷ್ಟ ಇದೆಯಾ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಎಷ್ಟು ತೋರಿಸುತ್ತಿದೆ. ತೊಂಬತ್ತೈದು ಅಥವಾ ಅದಕ್ಕಿಂತ ಮೇಲಾದರೆ ಹಸಿರು ಗೀಟು. ತೊಂಬತ್ತರಿಂದ ತೊಂಬತ್ತನಾಲ್ಕರವರೆಗೆ ಹಳದಿ, ಮಧ್ಯಾಹ್ನ ಇನ್ನೊಂದು ಸಲ ಫೋನ್. ತೊಂಬತ್ತಕ್ಕಿಂತ ಕೆಳಗೆ ಹೋದರೆ ಕೆಂಪು. ಕೆಂಪಾದವರ ಚೀಟಿ ಹಾಲಿನ ಕೊನೆಯಲ್ಲಿ ಕೂತಿದ್ದ ಡಾಕ್ಟರಮ್ಮನ ಮೇಜಿಗೆ ಹೋಗಬೇಕು, ಅವರು ಸಹಿ ಹಾಕಿದರೆ ಆಂಬುಲೆನ್ಸ್ ಹೊರಡುತ್ತದೆ. ಆಕ್ಸಿಮೀಟರನ್ನು ಮನೆಗೊಂದರಂತೆ ಕೊಟ್ಟಿದ್ದರು. ಆ ಪುಟ್ಟ ಯಂತ್ರವನ್ನು ಜನ ಕ್ಲಿಪ್ಪು ಅಂತ ಕರೆಯುತ್ತಿದ್ದರು.

ಮೊದಲ ವಾರ ಪಟ್ಟಿಯಲ್ಲಿದ್ದ ಯಾರಾದರೂ ಹೋದರು ಅಂತ ಗೊತ್ತಾದರೆ ನಾನು ಎದ್ದು ಹೊರಗೆ ಹೋಗಿ ನೀರು ಕುಡಿದು ಬರುತ್ತಿದ್ದೆ. ಎರಡನೇ ವಾರ ಎದ್ದೇಳುವುದು ನಿಂತಿತು. ಸ್ಕೇಲ್ ಇಟ್ಟು ಹೆಸರಿನ ಮೇಲೆ ಗೆರೆ ಎಳೆದು ಮುಂದಿನ ನಂಬರ್ ಒತ್ತುತ್ತಿದ್ದೆ. ಮನೆಗೆ ಹೋದರೆ ಹೆಂಡತಿ ಬಡಿಸಿದ್ದನ್ನು ತಿಂದು, ಸಾರು ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅನ್ನುತ್ತಿದ್ದೆ. ಒಂದು ದಿನ ಅವಳು ಉಪ್ಪೇ ಹಾಕಿರಲಿಲ್ಲವಂತೆ. ವಾಸನೆ, ರುಚಿ ಹೋಗಿದೆಯೇನೋ ಅಂತ ಹೆದರಿ ನನ್ನನ್ನೂ ಪರೀಕ್ಷೆಗೆ ಕಳಿಸಿದಳು. ನನಗೇನೂ ಆಗಿರಲಿಲ್ಲ.

ಫೋನಿನ ಆ ಕಡೆಯವರಿಗೆ ನಮ್ಮ ಮೂರು ಪ್ರಶ್ನೆಗಳಲ್ಲಿ ಆಸಕ್ತಿ ಇರಲಿಲ್ಲ. ಅವರಿಗೆ ಬೇಕಿದ್ದದ್ದು ದೇಶಗಳು. ಒಂದು ವರ್ಷ ಬಾಗಿಲು ಹಾಕಿಕೊಂಡು ಟಿವಿ, ಮೊಬೈಲು ನೋಡಿ ಎಲ್ಲರೂ ಪಂಡಿತರಾಗಿಬಿಟ್ಟಿದ್ದರು. ಬಾಗಲೂರಿನ ಗುಲಾಬಿ ಬೆಳೆಯುವವನೊಬ್ಬ ನ್ಯೂಜಿಲೆಂಡ್ ಬೀಗ ಹಾಕಿದ ರೀತಿಯೇ ರೀತಿ ಅನ್ನುತ್ತಿದ್ದ. ಜೂಜುವಾಡಿಯ ಪಂಕ್ಚರ್ ಅಂಗಡಿಯವನಿಗೆ ಚೀನಾದ ಹಾಗೆ ಹೊರಗೆ ಬಂದವರನ್ನು ಹಿಡಿದು ಹಾಕಬೇಕಿತ್ತು. ನಮ್ಮ ಹಾಲಿನಲ್ಲೂ ಅದೇ ಕಥೆ. ಊಟದ ಹೊತ್ತಿಗೆ ವಿಜ್ಞಾನದ ಟೀಚರಮ್ಮ ಕೊರಿಯಾದವರು ಪರೀಕ್ಷೆ ಮಾಡಿಯೇ ಗೆದ್ದರು ಅಂತ ಹಿಡಿದರೆ ಬಿಡುತ್ತಿರಲಿಲ್ಲ, ಡಬ್ಬಿಯ ಮೊಸರನ್ನ ಒಣಗುತ್ತಿತ್ತು. ಜೂಜುವಾಡಿಯಲ್ಲಿ ಒಂದು ನಿಯಮ, ಗಡಿ ದಾಟಿ ಕರ್ನಾಟಕದ ಅತ್ತಿಬೆಲೆಗೆ ಹೋದರೆ ಬೇರೊಂದು ನಿಯಮ. ಪಾಸ್ ಇಲ್ಲದೆ ಗಡಿಯಲ್ಲಿ ಸಿಕ್ಕಿಕೊಂಡವರು ಲಾರಿಯ ನೆರಳಲ್ಲಿ ಕೂತು ಇಟಲಿ, ಅಮೆರಿಕಾ ಅಂತ ಕಚ್ಚಾಡುತ್ತಿದ್ದರು. ನನಗೂ ನಾಲಿಗೆ ತುರಿಕೆ ಇರಲಿಲ್ಲ ಅಂತಲ್ಲ.

ಮೂಕಂಡಪಲ್ಲಿಯವರು ಆ ಪಂಡಿತರಲ್ಲಿ ಹಿರಿಯರು. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ವಿಭಾಗದ ಫೋರ್‌ಮನ್ ಆಗಿದ್ದು ಬಿಟ್ಟವರು. ವಯಸ್ಸು ಐವತ್ತೆಂಟು. ಗಂಡ ಹೆಂಡತಿ ಇಬ್ಬರಿಗೂ ಸೋಂಕು, ಇಬ್ಬರಿಗೂ ಒಂದೇ ಫೋನ್. ಮೊದಲ ದಿನ ನಾನು ಬಾಯಿ ಬಿಡುವ ಮುಂಚೆಯೇ ಹೇಳಿಬಿಟ್ಟರು.

“ಜ್ವರ ಇಲ್ಲ, ಉಸ್ರಾಟ ಸರಾಗವಾಗೈತೆ, ಇಬ್ರದ್ದೂ ತೊಂಬತ್ತಾರು. ಅದಿರ್ಲಿ ಮೇಷ್ಟ್ರೇ, ಸ್ವೀಡನ್ ಬಗ್ಗೆ ಏನಂತೀರಾ?”

ಸ್ವೀಡನ್ನಿನವರು ಅಂಗಡಿ ಮುಚ್ಚಿಸಲಿಲ್ಲ, ಚಿಕ್ಕ ಮಕ್ಕಳ ಸ್ಕೂಲು ನಿಲ್ಲಿಸಲಿಲ್ಲ, ನಿಮ್ಮ ಬುದ್ಧಿ ನಿಮ್ಮ ಕೈಲಿರಲಿ ಅಂತ ಜನರಿಗೆ ಹೇಳಿ ಸುಮ್ಮನಾದರು, ಮಿಕ್ಕ ದೇಶಗಳು ಹೆದರಿಸಿ ಹೆದರಿಸಿಯೇ ಅರ್ಧ ಜನರನ್ನು ಕೊಂದವು. ಇದು ಅವರ ವಾದ. ಒಂದೇ ನಲ್ಲಿಗೆ ಆರು ಮನೆಯವರು ಕೊಡ ಹಿಡಿದು ನಿಲ್ಲುವ ನಮ್ಮ ವಠಾರಗಳು ಸ್ವೀಡನ್ನಾ ಅಂತ ನಾನು ಕೇಳಿದೆ. ಅವರು ನಕ್ಕರು. ದೊಡ್ಡ ಗಂಟಲಿನ ನಗು. ಮೆಷಿನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದ ಗಂಟಲು ಅದು. ಆವತ್ತು ಇಷ್ಟವಾದ ಫೋನ್ ಅದೊಂದೇ. ಹೆಂಡತಿಯ ಉತ್ತರವನ್ನೂ ಅವರೇ ಕೊಟ್ಟದ್ದರಿಂದ ನನಗೊಂದು ಫೋನ್ ಉಳಿಯಿತು ಅಂದುಕೊಂಡೆ. ಹಾಗೆ ಮಾಡಬಾರದು, ಪ್ರತಿಯೊಬ್ಬರೂ ಅವರವರ ಬಾಯಲ್ಲೇ ಹೇಳಬೇಕು ಅಂತ ಮೊದಲ ದಿನದ ತರಬೇತಿಯಲ್ಲಿ ಹೇಳಿದ್ದರು.

ಎರಡನೇ ದಿನ ಇಟಲಿ. ಅಲ್ಲಿ ಆಸ್ಪತ್ರೆಗೆ ಹೋದವರೇ ಸತ್ತದ್ದು, ಮನೆಯಲ್ಲಿದ್ದವರು ಉಳಿದರು ಅಂತ ಅವರು ಶುರು ಮಾಡಿದರು. ಹೋದ ತಿಂಗಳು ಅವರ ಅಣ್ಣ ತಾವಾಗಿಯೇ ಆಂಬುಲೆನ್ಸ್ ಹತ್ತಿ ಹೋದವರು ಪ್ಲಾಸ್ಟಿಕ್ ಸುತ್ತಿಕೊಂಡು ಬಂದರಂತೆ. ಅದನ್ನೂ ಇಟಲಿಯ ಜೊತೆಗೇ ಸೇರಿಸಿ ಹೇಳಿದರು. ಆಸ್ಪತ್ರೆಗೆ ಹೋದವರ ಸ್ಥಿತಿ ಮೊದಲೇ ಕೆಟ್ಟಿತ್ತು, ಅದಕ್ಕೇ ಹೋದರು, ಅದಕ್ಕೇ ಸತ್ತರು ಅಂತ ನಾನು ಬಿಡಿಸಿ ಹೇಳಬೇಕಿತ್ತು. ಹೇಳುವುದು ನನಗೆ ಗೊತ್ತಿತ್ತು. ಆದರೆ ಪಟ್ಟಿಯಲ್ಲಿ ಇನ್ನೂ ಅರ್ಧ ಹೆಸರು ಬಾಕಿ ಇತ್ತು, ಹೊಟ್ಟೆ ಹಸಿದಿತ್ತು, ಅವರು ನಿಲ್ಲಿಸುವ ಹಾಗೆ ಕಾಣಲಿಲ್ಲ.

“ನೀವು ಹೇಳೋದು ಸರಿ ಬಿಡಿ,” ಅಂದೆ. “ಮನೇಲಿರೋದೇ ವಾಸಿ.”

ಅವರಿಗೆ ಸಮಾಧಾನ ಆಯಿತು. ಫೋನ್ ಇಟ್ಟರು. ನಾನು ತೊಂಬತ್ತಾರು ಬರೆದು ಹಸಿರು ಗೀಟು ಎಳೆದೆ.

ಮೂರನೇ ದಿನ ಬೇಗ ಮುಗಿಸಿದರು. ನಾಲ್ಕನೇ ದಿನ ಮಾತು ಕಟ್ ಕಟ್ ಆಗುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಫೋನ್ ಕಂಪನಿಗೆ ಬೈದು ತೊಂಬತ್ತಾರು ಬರೆದೆ. ಐದನೇ ದಿನ ಅದೇ ತೊಂಬತ್ತಾರು ಹೇಳಿ, ನಾನು ಹಸಿರು ಗೀಟು ಎಳೆಯುವಷ್ಟರಲ್ಲಿ ಅವರು ಜಪಾನ್ ಎತ್ತಿಕೊಂಡರು.

“ಜಪಾನ್ನೋರು... ಮಾಸ್ಕು ಹಾಕ್ಕಂಡು... ರೈಲ್ನಾಗೆ ಬಾಯೇ... ತೆಗ್ಯಲ್ವಂತೆ ಮೇ... ಷ್ಟ್ರೇ.”

ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಗಟ್ಟಿಯಾಗಿ ಓದುವುದನ್ನು ಕಲಿಸುತ್ತಿದ್ದೇನೆ. ವಾಕ್ಯದ ಅರ್ಥ ಮುಗಿದ ಕಡೆ ನಿಲ್ಲುವುದು ಬೇರೆ, ಎದೆಯ ಗಾಳಿ ಮುಗಿದ ಕಡೆ ನಿಲ್ಲುವುದು ಬೇರೆ. ಓದಲು ಬಾರದ ಮಗು ಪದದ ನಡುವೆ ನಿಲ್ಲುತ್ತದೆ. ಮೂವತ್ತು ವರ್ಷ ಗಂಟಲೆತ್ತಿ ಆಳುಗಳಿಗೆ ಹೇಳಿದ ಮನುಷ್ಯ ‘ಮೇಷ್ಟ್ರೇ’ ಅನ್ನುವ ಪದವನ್ನು ಎರಡು ತುಂಡು ಮಾಡಿದ್ದರು. ನೆಟ್‌ವರ್ಕ್ ಹೋದರೆ ಅಕ್ಷರಗಳು ಕಳೆದುಹೋಗುತ್ತವೆ. ಇಲ್ಲಿ ಒಂದು ಅಕ್ಷರವೂ ಕಳೆದಿರಲಿಲ್ಲ, ನಡುವೆ ಗಾಳಿ ಎಳೆದುಕೊಳ್ಳುವ ಸದ್ದಿತ್ತು.

ಡಾಕ್ಟರಮ್ಮನ ಹತ್ತಿರ ಹೋದೆ. ಸೇಲಂ ಕಡೆಯ ಹುಡುಗಿ, ಓದು ಮುಗಿಸಿ ಎರಡು ವರ್ಷ ಆಗಿರಬಹುದು, ನಿದ್ದೆಯಿಲ್ಲದೆ ಕಣ್ಣು ಊದಿಕೊಂಡಿದ್ದವು. ನಂಬರ್ ಎಷ್ಟು ಅಂತ ಕೇಳಿದರು. ತೊಂಬತ್ತಾರು ಅಂದೆ. ಮತ್ತೇನು ಅನ್ನುವ ಹಾಗೆ ನೋಡಿದರು. ಆಮೇಲೆ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲು ಹೇಳಿ ಅಂದರು. ನಾನು ಮತ್ತೆ ಫೋನ್ ಮಾಡಿ ಎಣಿಸಿ ಅಂದೆ. ಎಣಿಸಿದರು, ಇಪ್ಪತ್ತು ಮುಟ್ಟಿದರು. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಮಾತ್ರ ಒಂದು ಸಣ್ಣ ಖಾಲಿ. ಫೋನನ್ನು ಬಾಯಿಂದ ದೂರ ಹಿಡಿದು ಉಸಿರು ತುಂಬಿಕೊಂಡಿದ್ದರು. ಪರೀಕ್ಷೆ ಅಂತ ಗೊತ್ತಾದ ಮೇಲೆ ಯಾರೂ ಫೇಲ್ ಆಗಲು ಒಪ್ಪುವುದಿಲ್ಲ. ನನಗೆ ಕೇಳಿಸಿದ್ದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರ ಮೇಜಿನ ಮೇಲೆ ನಿಜವಾದ ಕೆಂಪು ಚೀಟಿಗಳು ಕಾಯುತ್ತಿದ್ದವು. ಹಸಿರು, ಹೋಗಿ ಸಾರ್ ಅಂದರು.

ಮಧ್ಯಾಹ್ನ ಊಟ ಬಿಟ್ಟು ಆ ನಂಬರಿಗೇ ಮತ್ತೆ ಫೋನ್ ಮಾಡಿದೆ. ಈ ಸಲ ಎತ್ತಿದ್ದು ಹೆಂಡತಿ. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಗಂಡ ದಿಂಬಿಗೆ ಒರಗಿ ಕೂತೇ ನಿದ್ದೆ ಹೋಗಿದ್ದಾರೆ, ಮಲಗಿದರೆ ಆಗುವುದಿಲ್ಲವಂತೆ ಅಂದರು. ಮೂರು ಪ್ರಶ್ನೆ ಕೇಳಿದೆ, ಮೂರನೆಯದರಲ್ಲಿ ಅವರು ತಡವರಿಸಿದರು.

“ಕ್ಲಿಪ್ಪು ನನ್ ಬೆರಳ್ಗೇ ಹಾಕ್ತಾರೆ ಮೇಷ್ಟ್ರೇ, ನಂದುಕ್ಕೂ ಅವ್ರದುಕ್ಕೂ. ಅವ್ರು ಹಾಕ್ಕಳಾಕಿಲ್ಲ. ನಾನು ಕೇಳುದ್ರೆ, ಮೇಷ್ಟ್ರೇ ಒಪ್ಪವ್ರೆ ಮನೇಲಿರೋದೇ ವಾಸಿ ಅಂತ, ನೀನ್ ಸುಮ್ಕಿರು ಅಂತಾರೆ.”

ಆಗ ನನಗೆ ಏನಾದರೂ ಅನ್ನಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ಏನೂ ಅನ್ನಿಸಲಿಲ್ಲ. ಅವರ ಬೆರಳಿಗೆ ಈಗಲೇ ಹಾಕಿ ನೋಡಿ ಅಂದೆ. ಫೋನ್ ಕೆಳಗಿಟ್ಟ ಸದ್ದು, ಆಮೇಲೆ ಗೊಣಗಾಟ, ಏನೋ ನೆಲಕ್ಕೆ ಬಿದ್ದ ಸದ್ದು. ಹೆಂಡತಿ ವಾಪಸ್ ಬಂದು ಕಿತ್ತು ಬಿಸಾಕಿದರು ಅಂದರು.

ಮತ್ತೆ ಡಾಕ್ಟರಮ್ಮನ ಮೇಜು. ಅವರು ಪೂರ್ತಿ ಕೇಳಿಸಿಕೊಂಡರು. ಅಂಕಿ ಅನುಮಾನ ಅನ್ನಿಸಿದರೆ ನಿಯಮ ಏನು ಅಂತ ಹಾಳೆ ತಿರುಗಿಸಿ ತೋರಿಸಿದರು. ಮನೆಗೆ ಹೋಗುವ ತಂಡದವರು ಮಾರನೇ ಬೆಳಿಗ್ಗೆ ಅಲ್ಲಿಗೆ ಹೋಗಿ ಅಳೆದು ನೋಡಬೇಕು. ಆಂಬುಲೆನ್ಸ್ ಅಂಕಿ ಇಲ್ಲದೆ ಹೊರಡುವುದಿಲ್ಲ. ಅವರ ಮೇಲೆ ತಪ್ಪು ಹೊರಿಸಲಾರೆ, ಇದ್ದ ಗಾಡಿಗಳು ಅಷ್ಟೇ. ಮಾರನೇ ಬೆಳಿಗ್ಗೆಗೆ ಇನ್ನೂ ಹದಿನೆಂಟು ಗಂಟೆ ಇತ್ತು.

ನಾನು ಜಾಗಕ್ಕೆ ಬಂದು ಕೂತೆ. ವಿಜ್ಞಾನದ ಟೀಚರಮ್ಮ ಏನಾಯ್ತು ಸಾರ್ ಅಂತ ಕೇಳಿದರು, ಏನಿಲ್ಲ ಅಂದೆ. ಹಸಿರು ಗೀಟನ್ನು ಹೊಡೆದು ಹಾಕಿ ಅಂಕಿಯ ಕಾಲಂನಲ್ಲಿ ಎಂಬತ್ತೆಂಟು ಅಂತ ಬರೆದೆ. ಯಾಕೆ ಎಂಬತ್ತೆಂಟು ಅಂದರೆ, ಎಂಬತ್ತು ಅಂದರೆ ಎದ್ದು ಕಾಣುತ್ತಿತ್ತು, ಎಂಬತ್ತೊಂಬತ್ತು ಅಂದರೆ ಸಾಲಿನಲ್ಲಿ ಹಿಂದೆ ಬೀಳುತ್ತಿತ್ತು. ಅಷ್ಟು ಲೆಕ್ಕ ಹಾಕಿಯೇ ಬರೆದೆ. ಕೆಂಪು ಚೀಟಿ ತುಂಬಿ ನನ್ನ ಸಹಿ ಹಾಕಿ, ಬೇರೆ ಚೀಟಿಗಳ ಜೊತೆ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟೆ. ಅವರು ಹೆಸರು ನೋಡದೆ ಅಂಕಿ ನೋಡಿ ಸಹಿ ಹಾಕಿದರು. ಆ ಸಾಲಿನಲ್ಲಿ ನಮ್ಮವರಿಗಿಂತ ಹಿಂದೆ ಬಿದ್ದವರು ಒಬ್ಬ ಲಾರಿ ಡ್ರೈವರು. ಅವರಿಗೆ ಗಾಡಿ ಸಿಕ್ಕಿದ್ದು ಎರಡು ಗಂಟೆ ತಡವಾಗಿ. ಮಾರನೇ ದಿನ ವಿಚಾರಿಸಿದೆ, ಬದುಕಿದ್ದರು. ಬದುಕದೆ ಇದ್ದಿದ್ದರೆ ಅದನ್ನೂ ನಾನೇ ಇಲ್ಲಿ ಬರೆಯಬೇಕಾಗುತ್ತಿತ್ತು.

ಗಾಡಿ ಮನೆ ಮುಂದೆ ನಿಂತರೂ ಅವರು ಹತ್ತಬೇಕಲ್ಲ. ಸಂಜೆ ಐದೂವರೆಗೆ ಫೋನ್ ಮಾಡಿ, ಅವರ ಕೈಗೇ ಕೊಡಿ ಅಂತ ಹೆಂಡತಿಗೆ ಹೇಳಿದೆ. ಆಂಬುಲೆನ್ಸ್ ಬರುತ್ತಿದೆ, ಹತ್ತಿ ಅಂದೆ. ಅವರು ಇಟಲಿ ಅಂದರು. ಅದೊಂದೇ ಪದ. ಅಣ್ಣನ ಹೆಸರು ಹೇಳಲಿಲ್ಲ, ಇಟಲಿ ಅಂದರು.

“ಮೊನ್ನೆ ನಾನು ಹೇಳಿದ್ದು ಸುಳ್ಳು,” ಅಂದೆ. “ನೀವು ಫೋನ್ ಇಡಲಿ ಅಂತ ಹಾಗಂದೆ. ಆಸ್ಪತ್ರೆಗೆ ಹೋದ್ದರಿಂದ ಅವರು ಸಾಯಲಿಲ್ಲ, ತಡವಾಗಿ ಹೋದ್ದರಿಂದ ಸತ್ತರು. ನನಗೆ ಗೊತ್ತಿತ್ತು, ಹೇಳಲಿಲ್ಲ.”

ಆ ಕಡೆ ಉಸಿರಿನ ಸದ್ದು. ಎಣಿಸಬೇಡ ಅಂದರೂ ನನ್ನ ಕಿವಿ ಎಣಿಸುತ್ತಿತ್ತು.

“ಅದನ್ನ... ಆವತ್ತೇ ಹೇಳ್ಬೇಕಿತ್ತಲ್ಲ... ಮೇಷ್ಟ್ರೇ,” ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸ ಕೆಡಿಸಿದ ಆಳಿಗೆ ಫೋರ್‌ಮನ್ ಹೇಳುವ ಹಾಗೆ ಹೇಳಿದರು. ಆಮೇಲೆ ಹೆಂಡತಿಗೆ ಏನೋ ಅಂದರು, ಫೋನ್ ಕಟ್ಟಾಯಿತು. ಗಾಡಿ ಬಂದಾಗ ತಾವೇ ನಡೆದು ಹೋಗಿ ಹತ್ತಿದರಂತೆ. ಅರ್ಧ ಗಂಟೆ ಬಿಟ್ಟು ಆಂಬುಲೆನ್ಸಿನವರು ಹಾಲಿಗೆ ಫೋನ್ ಮಾಡಿದರು. ಚೀಟಿಯಲ್ಲಿ ಎಂಬತ್ತೆಂಟು ಅಂತ ಇದೆ, ಇಲ್ಲಿ ಎಪ್ಪತ್ತನಾಲ್ಕು ತೋರಿಸುತ್ತಿದೆ, ಯಾರು ಬರೆದದ್ದು ಅಂತ ಕೇಳಿದರು. ಡಾಕ್ಟರಮ್ಮ ಸ್ಪೀಕರಿನಲ್ಲಿ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

ಅವರು ಎದ್ದು ನನ್ನ ಮೇಜಿಗೆ ಬಂದರು. ಎಂಬತ್ತೆಂಟು ಎಲ್ಲಿಂದ ಬಂತು ಅಂತ ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ನಾನೇ ಹಾಕಿದ್ದು ಅಂದೆ. ಬೈಯುತ್ತಾರೆ ಅಂದುಕೊಂಡೆ, ವರದಿ ಬರೆಯುತ್ತಾರೆ ಅಂದುಕೊಂಡೆ. ಇನ್ನು ಮೇಲೆ ಅಂಕಿ ಹುಟ್ಟಿಸಬೇಡಿ, ಹೀಗಾದರೆ ನನ್ನನ್ನೇ ಕೈ ಹಿಡಿದು ಎಳೆತಂದು ಕೂರಿಸಿ ಆ ಫೋನ್ ಕೇಳಿಸಿ ಅಂದರು. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕೂತು, ಮಾತು ಎಲ್ಲಿ ತುಂಡಾಯಿತು, ಹೇಗೆ ಗೊತ್ತಾಯಿತು ಅಂತ ವಿದ್ಯಾರ್ಥಿಯ ಹಾಗೆ ಕೇಳಿ ಬರೆದುಕೊಂಡರು.

ಮಾರನೇ ದಿನದಿಂದ ನಮ್ಮ ಹಾಲಿನಲ್ಲಿ ನಾಲ್ಕನೇ ಪ್ರಶ್ನೆ ಬಂತು. ಹಾಳೆಯಲ್ಲಿ ಅಚ್ಚಾಗಿರಲಿಲ್ಲ. ಯಾವ ದೇಶ ಇದನ್ನು ಸರಿಯಾಗಿ ನಿಭಾಯಿಸಿತು ಅಂತೀರಾ? ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಮೂವತ್ತು ಜನ ಇದನ್ನೇ ಕೇಳುತ್ತಿದ್ದೆವು. ಎಣಿಸಿ ಅಂದರೆ ಮೋಸ ಮಾಡುತ್ತಿದ್ದವರು ದೇಶ ಅಂದರೆ ಮೈಮರೆಯುತ್ತಿದ್ದರು. ನಾವು ಅವರು ಹೇಳಿದ್ದನ್ನು ಕೇಳುತ್ತಿರಲಿಲ್ಲ, ಎಷ್ಟು ಪದಕ್ಕೊಮ್ಮೆ ಗಾಳಿ ಎಳೆದುಕೊಂಡರು ಅಂತ ಪಟ್ಟಿಯ ಅಂಚಿನಲ್ಲಿ ಗೀಟು ಹಾಕುತ್ತಿದ್ದೆವು. ಮಾತು ಕಮ್ಮಿ ಇರುವವರ ಹತ್ತಿರ ಈ ಉಪಾಯ ನಡೆಯಲಿಲ್ಲ. ಗೊತ್ತಿಲ್ಲ ಸಾರ್ ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದರು, ಅವರಿಗೆ ಮಳೆ, ಸೊಸೆ, ರೇಷನ್ ಅಂಗಡಿ ಅಂತ ಏನೇನೋ ಕೇಳಬೇಕಾಗುತ್ತಿತ್ತು. ಆದರೂ ಆ ವಾರ ನನ್ನ ಪಟ್ಟಿಯೊಂದರಲ್ಲೇ ಇಬ್ಬರು ಹೀಗೆ ಸಿಕ್ಕಿದರು. ಬಾಗಲೂರಿನ ಗುಲಾಬಿಯವನು ನ್ಯೂಜಿಲೆಂಡಿನ ನಡುವೆ ಮೂರು ಸಲ ನಿಂತ. ಅವನನ್ನು ಅಂದೇ ಕಳಿಸಿದೆವು. ಟೀಚರಮ್ಮ ನನ್ನ ಬೆನ್ನು ತಟ್ಟಿದರು. ಖುಷಿ ಆಗಬೇಕಿತ್ತು ಅಂತ ಗೊತ್ತಾಯಿತು, ಅಷ್ಟೇ.

ಮೂಕಂಡಪಲ್ಲಿಯವರು ನಾಲ್ಕನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಾರನೇ ಬೆಳಗಿನ ಪಟ್ಟಿಯಲ್ಲಿ ಗೊತ್ತಾಯಿತು. ಎರಡು ದಿನ ಮುಂಚೆ ಬಂದಿದ್ದರೆ ಉಳಿಯುತ್ತಿದ್ದರೋ ಏನೋ ಅಂತ ಅಲ್ಲಿಯವರು ಡಾಕ್ಟರಮ್ಮನಿಗೆ ಹೇಳಿದ್ದರಂತೆ, ಅದನ್ನು ನನಗೆ ಹೇಳಬೇಕೋ ಬೇಡವೋ ಅಂತ ಯೋಚಿಸಿ ಕೊನೆಗೆ ಹೇಳಿದರು. ಹೇಳಿದ್ದು ಒಳ್ಳೆಯದಾಯಿತು. ಸ್ಕೇಲ್ ಇಟ್ಟು ಗೆರೆ ಎಳೆದೆ. ಅದರ ಕೆಳಗಿನ ಹೆಸರು ಹೆಂಡತಿಯದು. ಅವರ ದಿನಗಳು ಇನ್ನೂ ಮುಗಿದಿರಲಿಲ್ಲ, ನಂಬರ್ ಅದೇ. ಅವರ ಪಾಲನ್ನು ತಾನು ತೆಗೆದುಕೊಳ್ಳುತ್ತೇನೆ ಅಂತ ಟೀಚರಮ್ಮ ಕೈ ಚಾಚಿದರು. ನಾನೇ ಮಾಡುತ್ತೇನೆ ಅಂದೆ.

ಎತ್ತಿದರು. ಜ್ವರ ಇಲ್ಲ ಅಂದರು. ಉಸಿರು ಪರವಾಗಿಲ್ಲ ಅಂದರು. ಆವತ್ತು ಬಿದ್ದ ಕ್ಲಿಪ್ಪು ನಿನ್ನೆಯಿಂದ ಪೂರ್ತಿ ಕೆಟ್ಟಿದೆ, ಬೇರೆ ಇನ್ನೂ ಬಂದಿಲ್ಲ ಅಂದರು. ಅಂಕಿ ಇಲ್ಲ ಅಂದ ಮೇಲೆ ಅವರನ್ನು ಮಾತಾಡಿಸಿಯೇ ನೋಡಬೇಕು. ದೇಶದ ಪ್ರಶ್ನೆ ಬಾಯಿಗೆ ಬರಲಿಲ್ಲ. ಏನಾದರೂ ಮಾತಾಡಿಯಮ್ಮ, ನಿಮ್ಮ ಉಸಿರು ನೋಡಬೇಕು ಅಂದೆ.

“ನಾನೇನ್ ಮಾತಾಡ್ಲಿ, ಮಾತೆಲ್ಲಾ ಅವ್ರದ್ದೇ,” ಅಂದರು. ಆಮೇಲೆ ಶುರು ಮಾಡಿದರು. “ಗಾಡಿ ಹತ್ತಾಕ್ ಮುಂಚೆ ಅಂಗಿ ಬದಲಾಯಿಸ್ಬೇಕು ಅಂದ್ರು, ನೀಲಿ ಅಂಗಿ ಕೊಟ್ಟೆ, ಗುಂಡಿ ನಾನೇ ಹಾಕ್ದೆ, ಬೀದಿಯೋರೆಲ್ಲಾ ಕಿಟಕಿಲಿ ನೋಡ್ತಿದ್ರು ಒಬ್ರೂ ಹೊರಕ್ಕೆ ಬರ್ಲಿಲ್ಲ, ಅವ್ರು ಕೈ ಎತ್ತಿ ಎಲ್ರುಗೂ ಬತ್ತೀನಿ ಅಂದ್ರು, ನಂಗೂ ಬತ್ತೀನಿ ಕಣೇ ಅಂದ್ರು, ಆಮೇಕೆ ನೆನ್ನೆ ಯಾರೋ ಫೋನ್ ಮಾಡಿ ಆಯ್ತು ಅಂದ್ರು, ಮುಖ ತೋರುಸ್ಲಿಲ್ಲ, ಮನೆಗೂ ತರ್ಲಿಲ್ಲ, ಅಲ್ಲೇ ಮುಗ್ಸಿದ್ವಿ ಅಂದ್ರು, ನಾನು ಇಲ್ಲೇ ಬಾಗ್ಲು ಹಾಕ್ಕಂಡು ಕುಂತಿವ್ನಿ ಮೇಷ್ಟ್ರೇ.”

ಅವರು ಮಾತಾಡುತ್ತಿದ್ದಷ್ಟು ಹೊತ್ತೂ ನನ್ನ ಪೆನ್ನು ಪಟ್ಟಿಯ ಅಂಚಿನಲ್ಲಿತ್ತು. ಗೀಟು ಹಾಕುವಂಥ ಜಾಗ ಒಂದೂ ಬರಲಿಲ್ಲ. ಮಾತು ಮುಗಿಯಬೇಕಾದ ಕಡೆ ಮುಗಿಯುತ್ತಿತ್ತು. ಹಸಿರು ಎಳೆದೆ.

“ನಿಮ್ಮ ಉಸಿರು ಚೆನ್ನಾಗಿದೆಯಮ್ಮ,” ಅಂದೆ.

“ಅದ ಇಟ್ಕಂಡು ಏನ್ ಮಾಡ್ಲಿ ಮೇಷ್ಟ್ರೇ,” ಅಂದರು.

ನಾಳೆ ಇದೇ ಹೊತ್ತಿಗೆ ಫೋನ್ ಮಾಡುತ್ತೇನೆ ಅಂದೆ. ಮಾಡಿದೆ. ಅವರ ಪಾಲಿಗೆ ಇನ್ನೂ ಐದು ದಿನ ಬಾಕಿ ಇತ್ತು.